ಕಂಬಳಿ ಹೊದ್ದವನು

ಆ ಶನಿವಾರ ಬೆಳಿಗ್ಗೆ ಹನುಮಂತರಾಜು ಬೋರ್ಡಿನ ಮೇಲೆ ಬರೆದ ಹೂಜಿಗೆ ಬಾಯಿಯೇ ಇರಲಿಲ್ಲ. ಕತ್ತು ಬರೆದಿದ್ದ, ಹೊಟ್ಟೆ ಬರೆದಿದ್ದ, ಹೊಟ್ಟೆಯ ಎಡಕ್ಕೆ ಸೀಮೆಸುಣ್ಣ ಅಡ್ಡ ಹಿಡಿದು ನೆರಳನ್ನೂ ಕೊಟ್ಟಿದ್ದ. ಎಂಟನೇ ಕ್ಲಾಸಿನ ಪವಿತ್ರ ಎದ್ದು ನಿಂತು, ಸಾರ್ ಇದಕ್ಕೆ ನೀರು ಎಲ್ಲಿಂದ ಹುಯ್ಯೋದು ಎಂದು ಕೇಳಿದಾಗಲೇ ಅವನಿಗೆ ಗೊತ್ತಾದದ್ದು. ಮಕ್ಕಳು ಬೆಂಚು ಬಡಿದು ನಕ್ಕರು. ಅವನು ಒಂದು ಕ್ಷಣ ಬೋರ್ಡು ನೋಡಿ, ಕತ್ತಿನ ಮೇಲೊಂದು ಬಟ್ಟಲು ಕವುಚಿದಂತೆ ಬರೆದು, ಇದು ಮುಚ್ಚಿದ ಹೂಜಿ ಕಣಮ್ಮ ಎಂದ. ಹದಿನಾಲ್ಕು ವರ್ಷದ ಡ್ರಾಯಿಂಗ್ ಮೇಷ್ಟ್ರಗಿರಿಯಲ್ಲಿ ಅವನು ಕಲಿತ ಗಟ್ಟಿ ವಿದ್ಯೆ ಇದೊಂದೇ, ತಪ್ಪಾದ ಕಡೆ ಮುಚ್ಚಳ ಬರೆಯುವುದು. ಜೇಬಿನಲ್ಲಿ ಫೋನು ಭಾರವಾಗಿತ್ತು. ಅದರಲ್ಲಿ ನಿನ್ನೆ ಸಂಜೆ ಬಂದ ಸ್ನೇಹಲತಾ ಮೇಡಂ ಅವರ ಮೇಲ್ ಇತ್ತು. ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಗೊತ್ತು ಎಂದರೂ ಉತ್ತರವೇ, ಗೊತ್ತಿಲ್ಲ ಎಂದರೂ ಉತ್ತರವೇ. ಗೊತ್ತಿಲ್ಲ ಎಂದರೆ ಜಗತ್ತಿನಲ್ಲಿ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಸ್ನೇಹಲತಾ ಹಳೆಯ ಫೋಟೋಗಳ ಬೆನ್ನು ಹತ್ತಿದ ಹೆಂಗಸು. ಹೋದ ವರ್ಷ ತಾವರೆಕೆರೆಯ ಈ ಹೈಸ್ಕೂಲಿಗೆ ಬಂದು, ಸ್ಟಾಫ್ ರೂಮಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಇಂಗ್ಲಿಷರು ಪ್ರೀತಿಗೆ ಪಟ ತೆಗೆದವರಲ್ಲ ಸಾರ್, ಅದು ಅಂಗಡಿಯ ಪಟ್ಟಿ ಇದ್ದ ಹಾಗೆ ಎಂದು ವಿವರಿಸಿದ್ದರು. ಹತ್ತಿಯ ಪಟ, ಎತ್ತಿನ ಪಟ, ಉಣ್ಣೆಯ ಪಟ, ಆಮೇಲೆ ಆ ಉಣ್ಣೆ ಹೊದ್ದ ಮನುಷ್ಯನ ಪಟ. ಎಲ್ಲ ಹಡಗು ಹತ್ತಿ ಲಂಡನ್ನಿಗೆ ಹೋಗಿ, ಅಲ್ಲಿ ಕೋಟು ತೊಟ್ಟವರು ನೋಡಿ, ಇದು ಇಷ್ಟು ಬೇಕು ಅದು ಅಷ್ಟು ಬೇಕು ಎಂದು ಬರೆಯುತ್ತಿದ್ದರಂತೆ. ಪರದೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ. ಹಿಂದೆ ಮಧುಗಿರಿ ಬೆಟ್ಟದ ಬೋಳು ಬಂಡೆ, ಮೈ ಮೇಲೆ ಕರಿ ಕಂಬಳಿ, ಕೆಳಗೆ ಇಂಗ್ಲಿಷಿನಲ್ಲಿ ‘ಕುರಿಗಾಹಿ ಹೊದ್ದಂತೆ ಸಿರಾ ಕಂಬಳಿ’ ಎಂಬ ಬರಹ, ಒಂದು ನಂಬರು. ಹೆಸರಿಲ್ಲ. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದಾಗ ಹನುಮಂತರಾಜು ಹಿಂದುಮುಂದು ನೋಡದೆ ಅಂದುಬಿಟ್ಟಿದ್ದ, ಇವನು ನಮ್ಮ ಯತ್ತಪ್ಪಜ್ಜ.

ಅವನು ಸುಳ್ಳು ಹೇಳಿರಲಿಲ್ಲ. ಅದೇ ಈಗ ತಲೆನೋವು. ಅವನ ಕುರಿಗಾಹಿ ಹಟ್ಟಿಯವರಿಗೆ ಮುಖ ನೋಡುವ ಅಭ್ಯಾಸ ಕಡಿಮೆ. ಎರಡು ಹೊಲದಾಚೆ ಕುರಿಯ ಹಿಂದೆ ಬರುವವನ ಮುಖ ಯಾರಿಗೆ ಕಾಣುತ್ತದೆ? ಕಂಬಳಿಯ ಅಂಚು ನೋಡಿ ಇಂಥವರ ಮನೆಯವನು ಎನ್ನುತ್ತಾರೆ, ತೊಂಬತ್ತೊಂಬತ್ತು ಸಲ ಸರಿಯಾಗಿರುತ್ತದೆ. ಹನುಮಂತರಾಜುವಿನ ಮನೆತನದ ಕಂಬಳಿಗೆ ಮೂರು ಬಿಳಿ ಎಳೆ, ಬೆರಳಗಲ ಕರಿ, ಮತ್ತೆ ಒಂದೇ ಒಂದು ಬಿಳಿ ಎಳೆ. ಬೇರೆಯವರು ಹಾಗೆ ನೇಯಿಸಿಕೊಂಡರೆ ಜಗಳವೇ ಆಗುತ್ತಿತ್ತು. ಪಟದಲ್ಲಿ ಆ ಒಂಟಿ ಎಳೆ ನಿಚ್ಚಳವಾಗಿ ಕಾಣುತ್ತಿತ್ತು. ನಾಲ್ಕೈದು ತಲೆಮಾರಿನ ಹಿಂದಿನ, ಮುನ್ನೂರು ಕುರಿಯ ಒಡೆಯ ಯತ್ತಪ್ಪಜ್ಜನ ಹತ್ತಿರ ಒಬ್ಬ ಬಿಳಿ ದೊರೆ ಪಟ ತೆಗೆಯುವ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ ಎಂಬ ಮಾತು ಮನೆಯಲ್ಲಿ ಇದ್ದೇ ಇತ್ತು. ಇನ್ನೇನು ಬೇಕು? ಮೇಡಂ ಹೆಸರು ಬರೆದುಕೊಂಡರು. ಪೇಪರಿನ ಸ್ಥಳೀಯ ಪುಟದಲ್ಲಿ ಅಜ್ಜನ ಫೋಟೋ, ಪಕ್ಕದಲ್ಲಿ ಮೇಷ್ಟ್ರ ಫೋಟೋ ಬಂತು. ಮೂಗು ಒಂದೇ ಥರ ಇದೆ ಎಂದು ಸಹೋದ್ಯೋಗಿಗಳು ಹೇಳಿದಾಗ ಅವನು ಕನ್ನಡಿಯಲ್ಲಿ ಮೂಗು ನೋಡಿಕೊಂಡಿದ್ದೂ ಉಂಟು. ಸಿರಾದ ಫ್ರೇಮಿನಂಗಡಿಯ ಸಾಬರು ಗಾಜು ಕೂರಿಸುತ್ತ, ಕ್ಯಾ ಶಾನ್ ಮೇಷ್ಟ್ರೆ, ನಿಮ್ಮಜ್ಜ ಪಾಳೇಗಾರ ಇದ್ದಂಗವ್ರೆ ಎಂದಿದ್ದರು. ಅವ್ವ ಕೆಂಪಕ್ಕ ಪಟವನ್ನು ಒಳಮನೆಯಲ್ಲಿ ದೇವರ ಪೆಟ್ಟಿಗೆಯ ಪಕ್ಕ ಹಾಕಿಸಿದ್ದಳು, ಗಾಜಿನ ಮೇಲೆ ದಿನಾ ಕುಂಕುಮ ಇಟ್ಟೂ ಇಟ್ಟೂ ಅಜ್ಜನ ಹಣೆಯಲ್ಲಿ ಕೆಂಪು ಹಕ್ಕಳೆ ಕಟ್ಟಿತ್ತು.

ಭಾಷಣಗಳು ಬೇರೆ. ಕೊರಟಗೆರೆ ಕಾಲೇಜಿನಲ್ಲಿ ಒಂದು, ಮಧುಗಿರಿಯಲ್ಲಿ ಎರಡು. ನಮ್ಮಜ್ಜ ಸಾಮ್ರಾಜ್ಯದ ಕಣ್ಣಲ್ಲಿ ಕಣ್ಣಿಟ್ಟು ನಿಂತವನು ಎಂದರೆ ಚಪ್ಪಾಳೆ. ಪಟದಲ್ಲಿ ಬೆರಳ ತುದಿಗಳು ಮೈ ಬಣ್ಣಕ್ಕಿಂತ ಕಪ್ಪಗಿದ್ದವು. ಅದನ್ನು ತೋರಿಸಿ, ನೋಡಿ ಇದು ದುಡಿದ ಕೈ ಎಂದರೆ ಇನ್ನೊಂದು ಚಪ್ಪಾಳೆ. ಪಾವಗಡದ ತಿರುಮಣಿಯಲ್ಲಿ ಮಾತ್ರ ಒಂದು ಸಣ್ಣ ಮುಖಭಂಗವಾಗಿತ್ತು. ಸೋಲಾರ್ ಪಾರ್ಕಿಗೆ ಹೊಲ ಕೊಟ್ಟ ಅಡವಯ್ಯ ಎಂಬಾತ ಹಿಂದಿನ ಸಾಲಿನಿಂದ ಎದ್ದು, ಫೋಟೋದಾಗ ಆಯಪ್ಪನ ಪೇರು ರಾಸಿದಾರಾ ಸಾರ್ ಎಂದು ತೆಲುಗು ಬೆರೆಸಿ, ಹೆಸರು ಬರೆದಿದೆಯಾ ಎಂದು ಕೇಳಿದ್ದ. ಇಲ್ಲ ಎಂದಾಗ ಜನ ನಕ್ಕರು. ಅಡವಯ್ಯ ನಗಲಿಲ್ಲ. ನಮ್ಮ ಹೊಲದ ಫೋಟೋನೂ ಕಂಪ್ನಿಯೋರು ಡ್ರೋನ್ ಬುಟ್ಟು ತಗೊಂಡ್ರು, ಅದ್ರಾಗೂ ಬರೀ ನಂಬರೇ ಐತೆ ಎಂದು ಹೇಳಿ ಕೂತಿದ್ದ. ಆಗ ಹನುಮಂತರಾಜುವಿಗೆ ಕೋಪ ಬಂದಿತ್ತು. ಈಗ ಆ ಮನುಷ್ಯನಿಗೆ ಹೋಗಿ ಕಾಫಿ ಕೊಡಿಸಬೇಕು ಅನ್ನಿಸುತ್ತಿತ್ತು.

ಯಾಕೆಂದರೆ ಹೆಸರು ಸಿಕ್ಕಿಬಿಟ್ಟಿತ್ತು. ಪಟ ತೆಗೆದ ಬಿಳಿಯನ ಟಿಪ್ಪಣಿ ಪುಸ್ತಕ ಲಂಡನ್ನಿನಲ್ಲಿ ಪತ್ತೆಯಾಗಿ, ಅದರ ಒಂದು ಪುಟವನ್ನು ಮೇಡಂ ಕಳಿಸಿದ್ದರು. ಡಿಸೆಂಬರಿನ ತಾರೀಖು ಹಾಕಿ ಅವನು ಹೀಗೆ ಬರೆದಿದ್ದ. ಈ ಕುರಿಗಾಹಿಗಳು ಪೆಟ್ಟಿಗೆಯ ಮುಂದೆ ನಿಲ್ಲಲು ಒಲ್ಲರು, ಅದು ನೆತ್ತರು ಹೀರುತ್ತದೆಂದು ಇವರ ನಂಬಿಕೆ. ಯತ್ತಪ್ಪನೆಂಬ ಮುದುಕ ಒಂದು ಹಿಡಿ ಹೊಗೆಸೊಪ್ಪಿಗೆ ಕಂಬಳಿ ಮಾತ್ರ ಕೊಟ್ಟು ದೂರ ನಿಂತ. ಅದನ್ನು ನನ್ನ ಗಾಜು, ನೀರು ಹೊರುವ ಕೂಲಿ ಓಬಳನಿಗೆ ಹೊದಿಸಿ ಪಟ ತೆಗೆದೆ. ಸೈನ್ಯದ ಪಲ್ಟನ್ನಿಗೆ ಮಾರುವ ಕಂಬಳಿಗೆ ಮುಖ ಯಾರದಾದರೇನು. ಅದರ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಆ ಎರಡು ಸಾಲನ್ನು ಹನುಮಂತರಾಜು ಒಂದು ಸಲ ಓದಿದವನು ಮತ್ತೆ ಓದಲಿಲ್ಲ. ಪುಟವನ್ನು ಫೋನಿನಲ್ಲಿ ಉಳಿಸಿಕೊಳ್ಳುವಾಗ ಬೆರಳಿನಿಂದ ಅಂಚು ಮೇಲಕ್ಕೆಳೆದು ಆ ಸಾಲುಗಳನ್ನು ಕತ್ತರಿಸಿದ್ದ. ಮುಂದಿನ ತಿಂಗಳು ತುಮಕೂರಿನಲ್ಲಿ ಪ್ರದರ್ಶನ, ಪಟದ ಕೆಳಗೆ ಯತ್ತಪ್ಪ ಎಂದು ಹಾಕುವುದಿತ್ತು, ಈಗ ಏನು ಹಾಕಲಿ ಎಂದು ಮೇಡಂ ಕೇಳಿದ್ದರು. ಓಬಳನ ಮನೆಯವರು ಯಾರಾದರೂ ಗೊತ್ತೆ? ಗೊತ್ತಿಲ್ಲದಿದ್ದರೆ ಹೆಸರು ಖಚಿತವಿಲ್ಲ ಎಂದು ಹಾಕುತ್ತೇನೆ. ಅಚ್ಚಿಗೆ ಹೋಗಬೇಕು, ದಯವಿಟ್ಟು ನಾಳೆ ಸಂಜೆಯೊಳಗೆ.

ಗೊತ್ತಿಲ್ಲದೆ ಏನು. ಬೆಲ್ಲು ಹೊಡೆದು ಸ್ಟಾಫ್ ರೂಮಿಗೆ ಹೋದರೆ ಓಬಳನ ಮನೆಯವನು ಎದುರಿಗೇ ಕೂತು ಮಂಡಕ್ಕಿ ತಿನ್ನುತ್ತಿದ್ದ. ಸೈನ್ಸ್ ಮೇಷ್ಟ್ರು ಭೀಮರಾಜು, ಒಂಬತ್ತು ವರ್ಷದ ಗೆಳೆಯ. ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಬಾಟಲಿ ತೆಗೆದಾಗಲೆಲ್ಲ ಅವನು ಮಕ್ಕಳಿಗೆ ಒಂದು ಕಥೆ ಹೇಳುತ್ತಿದ್ದ. ಇದನ್ನು ಮುಟ್ಟಬೇಡ್ರೋ, ನಮ್ಮ ಓಬಳಜ್ಜ ಒಬ್ಬ ಬಿಳಿಯನ ದೆವ್ವದ ಪೆಟ್ಟಿಗೆ ಹೊತ್ತು, ಅದರ ನೀರು ಚೆಲ್ಲಿಕೊಂಡು ಬೆರಳೆಲ್ಲ ಕರ್ರಗಾಗಿ, ಊರಿನವರು ಕೈ ಸುಟ್ಟ ಓಬಳ ಅಂತಿದ್ದರು, ಅದು ಇದೇ ಔಷಧಿ. ಆಗ ಫೋಟೋ ತೆಗೆಯೋಕೆ ಗಾಜಿಗೆ ಇದನ್ನೇ ಸವರುತ್ತಿದ್ದರು. ಈ ಕಥೆಯನ್ನು ಹನುಮಂತರಾಜು ಪಕ್ಕದ ಕೋಣೆಯಲ್ಲಿ ಕೂತು ಹತ್ತು ಸಲವಾದರೂ ಕೇಳಿದ್ದ. ಅಷ್ಟಾದರೂ ದುಡಿದ ಕೈ ಎಂದು ಭಾಷಣ ಮಾಡಿ ಬಂದಿದ್ದ. ಒಂದನ್ನೂ ಇನ್ನೊಂದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲವೋ, ಹೊಳೆಯಲು ಬಿಡಲಿಲ್ಲವೋ. ಕಂಬಳಿ ನೋಡಿದ ಮೇಲೆ ಹಟ್ಟಿಯವನು ಕೈ ಯಾಕೆ ನೋಡುತ್ತಾನೆ?

ಭೀಮರಾಜು ಮಂಡಕ್ಕಿಯ ಪೊಟ್ಟಣ ಮುಂದಕ್ಕೆ ತಳ್ಳಿ, ತಗೊಳ್ಲಾ, ಯಾಕೆ ಮುಖ ಹುಳಿ ಮಾಡ್ಕೊಂಡಿದ್ದೀಯ ಎಂದ. ಹೇಳಲು ಬಾಯಿ ತೆರೆದ ಹನುಮಂತರಾಜು, ಖಾರ ಜಾಸ್ತಿ ಆಯ್ತು ಎಂದ. ಇನ್ನೂ ತಿಂದೇ ಇರಲಿಲ್ಲ. ಅವನ ತಲೆಯಲ್ಲಿ ಹೊಂಗೆ ಮರ ನಿಂತಿತ್ತು. ಮಾರ್ಚಿನಲ್ಲಿ ಹಟ್ಟಿಯ ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಭೀಮರಾಜು ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಗೋಡೆ ಗಡಿಯಾರವೊಂದನ್ನು ಹಿಡಿದು ಬಂದಿದ್ದ. ಮಿಕ್ಕ ಮೇಷ್ಟ್ರುಗಳು ಒಳಗೆ ಹೋದರು. ಅಂಗಳ ದಾಟುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ಭೀಮಣ್ಣ, ಒಳಗೆ ಸೆಕೆ, ಮರದ ಕೆಳಗೆ ಗಾಳಿ ಐತೆ, ಅಲ್ಲೇ ಕೂರಾನ ಎಂದವನು ಹನುಮಂತರಾಜುವೇ. ಎರಡು ಕುರ್ಚಿ ಹಾಕಿಸಿ, ಪೇಪರ್ ತಟ್ಟೆಯಲ್ಲಿ ಇಬ್ಬರಿಗೂ ಊಟ ತರಿಸಿ, ಗೆಳೆಯನ ಜೊತೆ ತಾನೂ ಆಚೆ ಕೂತು ಉಂಡಿದ್ದ. ಅದನ್ನು ದೊಡ್ಡತನ ಎಂದು ಆರು ತಿಂಗಳು ತನ್ನೊಳಗೇ ಮೆಚ್ಚಿಕೊಂಡಿದ್ದ. ಭೀಮರಾಜು ಪಾಯಸ ಕುಡಿದು, ಹೌದು ಗಾಳಿ ಚೆನ್ನಾಗೈತೆ ಎಂದಿದ್ದ ಅಷ್ಟೆ. ಗಡಿಯಾರ ಈಗಲೂ ಒಳಗಿದೆ, ಸರಿಯಾದ ಹೊತ್ತು ತೋರಿಸುತ್ತದೆ.

ಹನ್ನೊಂದೂವರೆಗೆ ಸ್ಕೂಲು ಬಿಟ್ಟಿತು. ಭೀಮರಾಜುವಿನ ಗಾಡಿ ಗ್ಯಾರೇಜಿನಲ್ಲಿತ್ತು, ಊರಿನ ತನಕ ಬುಡ್ಲಾ ಎಂದು ಹಿಂದೆ ಹತ್ತಿ ಕೂತ. ಎರಡೂ ಕಡೆ ಕಡಲೆಕಾಯಿ ಹೊಲ, ತಂಪು ಬಿಸಿಲು, ರಸ್ತೆಯ ಮೇಲೆ ಯಾರೋ ಹರಡಿದ ಹುರುಳಿ ಸೊಪ್ಪು. ಗಾಡಿ ಓಡಿಸುವಾಗ ಒಂದು ಅನುಕೂಲವಿದೆ, ಹಿಂದೆ ಕೂತವನ ಮುಖ ನೋಡಬೇಕಾಗಿಲ್ಲ. ಎರಡು ಕಿಲೋಮೀಟರ್ ಕಳೆದ ಮೇಲೆ ಹನುಮಂತರಾಜು ಎದುರಿನ ಗಾಳಿಗೆ ಹೇಳುವಂತೆ ಹೇಳಿಬಿಟ್ಟ, ಪಟ, ಹೊಗೆಸೊಪ್ಪು, ಓಬಳ, ಎಲ್ಲ. ಹಿಂದಿನಿಂದ ಸದ್ದಿಲ್ಲ. ಬಿದ್ದುಗಿದ್ದು ಹೋದನೇ ಎಂದು ಅನುಮಾನವಾಗಿ ತಿರುಗಿ ನೋಡುವಷ್ಟರಲ್ಲಿ, ಗಾಡಿ ನಿಲ್ಸು ಎಂಬ ಮಾತು ಬಂತು.

ಮೋರಿಯ ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ಕೈ ಅಡ್ಡ ಹಿಡಿದು ಭೀಮರಾಜು ಫೋನು ನೋಡಿದ. ಮೊದಲು ಪುಟ ಓದಿದ. ಕತ್ತರಿಸಿದ ಪುಟ. ಆಮೇಲೆ ಪಟವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಮುಖದಿಂದ ಕೆಳಕ್ಕಿಳಿದು ಕೈಯ ಹತ್ತಿರ ನಿಲ್ಲಿಸಿದ. “ಸಿಲ್ವರ್ ನೈಟ್ರೇಟು,” ಎಂದ. ಹನುಮಂತರಾಜು ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಭೀಮರಾಜು ನಗತೊಡಗಿದ. ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನನ್ನನ್ನ ಮರದ ಕೆಳಗೆ ಕೂರ್ಸಿದ್ರಲ್ಲೋ. ಆವತ್ತು ಇವನು ಒಳಗಡೆ ದೇವ್ರ ಪಕ್ಕದಾಗಿದ್ದ ಅನ್ನು.”

ಹನುಮಂತರಾಜುವೂ ನಗಲು ನೋಡಿದ, ಆಗಲಿಲ್ಲ. ಭೀಮರಾಜು ಫೋನು ಹಿಂದಕ್ಕೆ ಕೊಟ್ಟು, ಕಣ್ಣೊರೆಸಿಕೊಂಡು, “ಹಟ್ಟೀಲಿ ಹೇಳ್ಬ್ಯಾಡ ಕಣ್ಲಾ. ಹೇಳಿದ್ರೆ ಇಳಿಸ್ತಾರೆ. ಇಷ್ಟು ಕಾಲಕ್ಕೆ ಒಳಿಕ್ಕೆ ಹೋಗವ್ನೆ, ಇರ್ಲಿ ಬುಡು,” ಎಂದ.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗೆಳೆಯನೇ ಬೇಡ ಎಂದ ಮೇಲೆ ಮುಗಿಯಿತಲ್ಲ, ಮೇಡಂಗೆ ಖಚಿತವಿಲ್ಲ ಎಂದು ಬರೆದರೆ ಸರಿ, ಅವ್ವನ ಕುಂಕುಮ ನಡೆಯುತ್ತದೆ, ಭಾಷಣ ಬೇಕಾದರೆ ನಿಲ್ಲಿಸಬಹುದು. ಗಾಡಿ ಹೊರಟ ಮೇಲೆ ಹನುಮಂತರಾಜು ಸಣ್ಣಗೆ ಸಿಳ್ಳೆ ಕೂಡ ಹಾಕಿದ. ಊರಿನ ಕೆರೆ ಏರಿ ಬರುವ ಹೊತ್ತಿಗೆ ಆ ಸಿಳ್ಳೆ ಅವನ ಕಿವಿಗೇ ಅಸಹ್ಯವಾಯಿತು. ಭೀಮರಾಜು ತನ್ನ ಅಜ್ಜನನ್ನು ಹಟ್ಟಿಯ ಮನೆಯಲ್ಲಿ ಕದ್ದು ಕೂರಿಸಲು ಒಪ್ಪಿದ್ದ, ಇವನಿಗೆ ಅದರಿಂದ ಹಗುರವಾಗಿತ್ತು. ಮೇಲಾಗಿ ಭೀಮರಾಜು ಪೂರ್ತಿ ಓದಿಯೇ ಇರಲಿಲ್ಲ. ಆ ಬಿಳಿಯನು ಬೇಕಾದಷ್ಟನ್ನು ಚೌಕಟ್ಟಿನೊಳಗೆ ಇಟ್ಟು ಬೇಡದ್ದನ್ನು ಆಚೆ ಬಿಟ್ಟಿದ್ದ, ಡ್ರಾಯಿಂಗ್ ಮೇಷ್ಟ್ರೂ ಅದನ್ನೇ ಮಾಡಿದ್ದ. ಬಿಳಿಯನಾದರೂ ಬರೆದಿಟ್ಟು ಹೋಗಿದ್ದ.

ಬಾಗಿಲಲ್ಲೇ ಇಳಿಸಿ ತಿರುಗಬೇಕೆಂದಿದ್ದ. ಆದರೆ ಭೀಮರಾಜುವಿನ ತಾಯಿ ಓಬಳಮ್ಮ ಗಾಡಿಯ ಸದ್ದಿಗೇ ಹೊರಗೆ ಬಂದು, ಬಾ ಮಗ, ಮುದ್ದೆ ಆಗೈತೆ ಎಂದಳು. ಆ ಮನೆಯಲ್ಲಿ ಅವನು ಎಷ್ಟು ಸಲ ಉಂಡಿದ್ದಾನೆ ಎಂದು ಲೆಕ್ಕವಿಲ್ಲ. ಒಳಗೆ, ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ, ಸ್ಟೀಲ್ ತಟ್ಟೆಯಲ್ಲಿ. ಹಟ್ಟಿಯಲ್ಲಿ ಯಾರಾದರೂ ಕೇಳಿದರೆ, ಭೀಮರಾಜು ಮನೆ ಹತ್ತಿರ ಟೀ ಕುಡಿದೆ ಎನ್ನುತ್ತಿದ್ದ. ಮನೆ ಹತ್ತಿರ ಎಂಬುದು ಒಳ್ಳೆಯ ಮಾತು, ಒಳಗೂ ಆಗುತ್ತದೆ ಹೊರಗೂ ಆಗುತ್ತದೆ.

ಭೀಮರಾಜು ಕೈ ತೊಳೆಯುತ್ತಲೇ, ಅವ್ವ, ಕೈ ಸುಟ್ಟ ಓಬಳಜ್ಜ ಸಿಕ್ಕವ್ನೆ ಎಂದ. ಅವನು ಎಲ್ಲವನ್ನೂ ತಮಾಷೆಯಾಗಿ ಹೇಳಿದ, ದೇವರ ಪಕ್ಕದ ಜಾಗ, ಕುಂಕುಮ, ಹೊಂಗೆ ಮರ. ಓಬಳಮ್ಮ ನಗಲಿಲ್ಲ. ಸೊಸೆಯ ಕೈಲಿ ಕನ್ನಡಕ ತರಿಸಿ ಹಾಕಿಕೊಂಡು, ಫೋನನ್ನು ಬಿಸಿ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಮ್ಮತ್ತೆ ಹೇಳ್ತಿದ್ದದ್ದು ಸುಳ್ಳಲ್ಲ ಎಂದಳು. ಬೆರಳಿನಿಂದ ಪರದೆಯ ಮೇಲಿನ ಬೆರಳು ಸವರಿದಾಗ ಪಟ ಸರಿದುಹೋಗಿ, ಭೀಮರಾಜು ಮತ್ತೆ ತಂದುಕೊಡಬೇಕಾಯಿತು. ಆ ಮೇಲೆ ಅವಳು ಕಂಬಳಿ ನೋಡಿದಳು.

“ಕಂಬ್ಳಿ ಚೆನ್ನಾಗೈತೆ. ಪಟ ತೆಗೆದಾದ ಮೇಲೆ ಅವನ್ಗೇ ಕೊಟ್ರಾ, ವಾಪಸ್ ಕಿತ್ಕೊಂಡ್ರಾ?”

ಕೇಳಿದ್ದು ಸುಮ್ಮನೆ, ನೆಂಟರ ಮನೆಯ ಸಮಾಚಾರ ಕೇಳಿದ ಹಾಗೆ. ಭೀಮರಾಜು ಭುಜ ಕುಣಿಸಿ, ಅದೆಲ್ಲ ಬರ್ದಿಲ್ಲ ಕಣವ್ವ ಎಂದ. ಹನುಮಂತರಾಜು ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಇಲ್ಲಿ ಮುಚ್ಚಳ ಬರೆಯಬಹುದಿತ್ತು. ಹೌದು, ಬರೆದಿಲ್ಲ ಎಂದರೆ ಸಾಕು, ಗೆಳೆಯನೇ ಬರೆದುಕೊಟ್ಟ ಮುಚ್ಚಳ. ಅವನಿಗೆ ತನ್ನ ಮೇಲೆ ಅಸಹ್ಯ ಬಂತು, ಅದಕ್ಕಿಂತ ಹೆಚ್ಚಾಗಿ ಸುಸ್ತು ಬಂತು.

“ಬರ್ದೈತೆ ಕಣಮ್ಮ. ನಾನೇ ಕತ್ತರಿಸಿದ್ದೆ,” ಎಂದ. “ನಮ್ಮಜ್ಜ ಕಿತ್ಕೊಳ್ಳಲಿಲ್ಲ. ಬಿಳಿಯ ಕೊಡಾಕೆ ಹೋದ್ರೆ ಮುಟ್ಲಿಲ್ಲ. ಅವನು ಹೊದ್ದ ಮೇಲೆ ನಮ್ಗೆ ಬ್ಯಾಡ ಅಂದ. ಬಿಳಿಯ ಅದುನ್ನ ಪೆಟ್ಟಿಗೆಗೆ ಹಾಕಿ ಲಂಡನ್ನಿಗೆ ಕಳಿಸ್ದ.”

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಭೀಮರಾಜು ಗೆಳೆಯನನ್ನು ನೋಡಲಿಲ್ಲ, ತಟ್ಟೆ ನೋಡುತ್ತಿದ್ದ. ಯತ್ತಪ್ಪಜ್ಜನ ಬಗ್ಗೆ ಲೋಕದಲ್ಲಿ ಬರೆದಿಟ್ಟದ್ದು ಇಷ್ಟೇ ಎಂದು ಹನುಮಂತರಾಜುವಿಗೆ ಅನ್ನಿಸಿತು. ಒಂದು ಹಿಡಿ ಹೊಗೆಸೊಪ್ಪು, ಮತ್ತೆ ಇದು. ಎದ್ದುಹೋಗಬೇಕೆಂದರೆ ಕೈಯಲ್ಲಿ ಎಂಜಲು.

ಓಬಳಮ್ಮ ಕನ್ನಡಕ ತೆಗೆದಳು. “ಅದು ಯಾವ ಕಾಲ ಅಂದೆ?”

“ಡಿಸೆಂಬರು ಕಣಮ್ಮ.”

“ಅಂಗಾದ್ರೆ ಆವತ್ತು ಚಳಿ ಇಬ್ರಿಗೂ ಆಯ್ತು ಅನ್ನು,” ಎಂದಳು.

ಹೇಳಿ, ಅವನ ತಟ್ಟೆಗೆ ಸಾರು ಬಿಟ್ಟಳು. ಹನುಮಂತರಾಜು ಮುದ್ದೆ ಅದ್ದಿ ನುಂಗಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭೀಮರಾಜು ತಲೆಯೆತ್ತಿ, ಹೋಗ್ಲಿ ಬುಡವ್ವ, ಹಟ್ಟೀಲಿ ಗೊತ್ತಾಗೋದು ಬ್ಯಾಡ, ಅಲ್ಲೇ ಇರ್ಲಿ ಎಂದು ಮತ್ತೆ ಅದನ್ನೇ ಹೇಳಿದ. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

“ಯಾಕೆ, ಅವನೇನು ಕಳ್ಳನಾ, ಇನ್ನೊಬ್ರ ಹೆಸ್ರು ಇಟ್ಕೊಂಡು ಕುಂತಿರಾಕೆ?” ಎಂದಳು ಓಬಳಮ್ಮ. ಮಗನಿಗೆ ಹೇಳಿದ್ದು, ನೋಡಿದ್ದು ಹನುಮಂತರಾಜುವನ್ನು. “ಈ ಫೋನ್ನಾಗೆ ನಂಗೆ ಸರ್ಯಾಗಿ ಕಾಣಾಕಿಲ್ಲ. ಅಲ್ಲಿ ದೊಡ್ದು ಐತಂತಲ್ಲ. ನಾಳೆ ಬತ್ತೀನಿ ಅಂತ ನಿಮ್ಮವ್ವಂಗೆ ಹೇಳು ಮಗ. ಮರದ ಕೆಳಗೆ ಕುಂತು ನೋಡಾಕಾಗಲ್ಲ, ಒಳಿಕ್ಕೇ ಬರ್ಬೇಕು.”

ಅವನು ಉಂಡು ಮುಗಿಸಿದ. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಕೈ ತೊಳೆದು, ಅಂಗಳಕ್ಕೆ ಬಂದು, ಮೊದಲು ಮೇಡಂಗೆ ಎರಡು ಸಾಲು ಬರೆದ. ಪಟದಲ್ಲಿರುವವರು ಓಬಳ, ಅವರ ಮನೆಯವರು ನನಗೆ ಗೊತ್ತು. ಕಂಬಳಿ ಯತ್ತಪ್ಪನದು, ಪುಟವನ್ನು ಪೂರ್ತಿ ಹಾಕಿ. ಬರೆಯುವುದು ಸುಲಭವಾಗಿತ್ತು, ತುಮಕೂರು ದೂರ. ಆಮೇಲೆ ಅವ್ವನಿಗೆ ಫೋನು ಹಚ್ಚಿದ. ಹಟ್ಟಿ ಹತ್ತಿರ. ಭೀಮರಾಜು ಬಾಗಿಲಿಗೆ ಒರಗಿ ನಿಂತಿದ್ದ, ಓಬಳಮ್ಮ ಅವನ ಹಿಂದೆ.

ಕೆಂಪಕ್ಕ ಎತ್ತಿದೊಡನೆ ಊಟ ಆಯ್ತಾ ಎಂದು ಕೇಳಿದಳು. ಆಯ್ತು, ಭೀಮರಾಜು ಮನೇಲಿ ಎಂದ. ಮನೇಲಿ ಎಂಬ ಮಾತಿಗೆ ಅವಳು ಅರೆಗಳಿಗೆ ತಡೆದಳು.

“ಅವ್ವ, ನಾಳೆ ಭೀಮರಾಜು ಅವ್ರವ್ವ ನಮ್ಮನೆಗೆ ಬತ್ತಾರೆ. ಅವ್ರ ಅಜ್ಜನ್ನ ನೋಡಾಕೆ.”

“ಅವ್ರ ಅಜ್ಜ ನಮ್ಮನೇಲಿ ಎಲ್ಲವ್ನಪ್ಪ?”

“ದೇವ್ರ ಪಕ್ಕ, ಗೋಡೆ ಮೇಲವ್ನೆ ಕಣವ್ವ. ಅವನು ನಮ್ಮೋನಲ್ಲ, ಕಂಬ್ಳಿ ಮಾತ್ರ ನಮ್ದು. ನಾನೇ ತಪ್ಪು ಹೇಳಿದ್ದೆ.”

ಆ ಕಡೆ ದೂರದಲ್ಲಿ ಒಂದು ಮರಿ ಅರಚುವುದು, ಒಳಮನೆಯ ಫ್ಯಾನು ತಿರುಗುವುದು ಕೇಳುತ್ತಿತ್ತು. ಅವ್ವ ಪಟದ ಮುಂದೆಯೇ ನಿಂತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅವಳು ಫೋನು ಇಡಲಿಲ್ಲ. ಹನುಮಂತರಾಜು ಫೋನನ್ನು ಕಿವಿಗೆ ಒತ್ತಿಕೊಂಡು ಓಬಳಮ್ಮನ ಅಂಗಳದಲ್ಲಿ ಕಾಯುತ್ತ ನಿಂತ.